ಪರಿಸರ ಸೂಕ್ಷ್ಮ ಪ್ರದೇಶದ ಕರಡು: ಅದರ ಹಿಂದಿನ ವಿಜ್ಞಾನವನ್ನು ಓದಿ ಆಕ್ಷೇಪಣೆ ಬರೆಯುವ ಬಗೆ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಗಣಿಗಾರಿಕೆಯಂತಹ ಕೆಲವು ಚಟುವಟಿಕೆಗಳನ್ನು ಕೇಂದ್ರ ಸರ್ಕಾರ ನಿಷೇಧಿಸುವ ಪ್ರದೇಶ) ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ಮಲೆನಾಡಿನ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಊರಿನ ಹೆಸರು ಪಟ್ಟಿಯಲ್ಲಿದೆ, ವಿಜ್ಞಾನಿಗಳ ವರದಿಯ ಆಧಾರದ ಮೇಲೆ ಸೇರಿಸಲಾಗಿದೆ ಎನ್ನುತ್ತಾರೆ, ಹಾಗಿರುವಾಗ ಸಾಮಾನ್ಯರಾದ ನಾವು ಏನು ಬರೆಯಬಹುದು, ಬರೆದರೆ ಅದಕ್ಕೆ ಬೆಲೆ ಇದೆಯೇ? ಈ ಮಾರ್ಗದರ್ಶಿ ಆ ಪ್ರಶ್ನೆಗೆ ಉತ್ತರ. ನಿಮ್ಮ ಊರು ಪಟ್ಟಿಯಿಂದ ಹೊರಗಿರಬೇಕು ಎನ್ನುವವರಿಗೂ, ಬಿಟ್ಟುಹೋಗಿರುವ ಊರನ್ನು ಸೇರಿಸಬೇಕು ಎನ್ನುವವರಿಗೂ ಇಲ್ಲಿನ ಹಂತಗಳು ಸಮಾನವಾಗಿ ಉಪಯೋಗಕ್ಕೆ ಬರುತ್ತವೆ.

ಬೆಲೆ ಇದೆಯೇ ಎಂಬುದನ್ನು ಮೊದಲು ನೋಡೋಣ. ಈ ಕರಡುಗಳಿಗೆ ಆಧಾರವಾದ, ಡಾ. ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಉನ್ನತ ಮಟ್ಟದ ಕಾರ್ಯತಂಡವು 2013ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಕೇರಳದ 13,108 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮ ಎಂದು ಗುರುತಿಸಿತ್ತು. ಕೇರಳ ಸರ್ಕಾರವು ಪ್ರೊ. ಉಮ್ಮನ್ ವಿ. ಉಮ್ಮನ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿ, ಪಟ್ಟಿಯಲ್ಲಿದ್ದ ಊರುಗಳ ನೆಲವನ್ನು ಪರಿಶೀಲಿಸಿ, ಜನವಸತಿ ಮತ್ತು ತೋಟದ ಜಾಗಗಳನ್ನು ಬೇರ್ಪಡಿಸಿ ಕೇಂದ್ರಕ್ಕೆ ವರದಿ ಕೊಟ್ಟಿತು. ಮುಂದಿನ ಕರಡುಗಳಲ್ಲಿ ಕೇರಳದ ವಿಸ್ತೀರ್ಣ 9,993.7 ಚದರ ಕಿಲೋಮೀಟರ್‌ಗೆ ಇಳಿಯಿತು. ಕರ್ನಾಟಕವು ವರದಿಯನ್ನು ಒಟ್ಟಾರೆಯಾಗಿ ತಿರಸ್ಕರಿಸುವ ನಿಲುವನ್ನೇ ಮತ್ತೆ ಮತ್ತೆ ತಿಳಿಸಿತು. 2024ರ ಸೆಪ್ಟೆಂಬರ್‌ನಲ್ಲಿಯೂ ಸಚಿವ ಸಂಪುಟ ಅದನ್ನೇ ನಿರ್ಧರಿಸಿತು. 2014ರ ಮಾರ್ಚ್‌ನ ಮೊದಲ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್ ಇತ್ತು, 2024ರ ಜುಲೈ 31ರ ಆರನೆಯ ಕರಡಿನಲ್ಲಿಯೂ ಅಷ್ಟೇ ಇತ್ತು. ಕೇರಳದ ಕಡಿತ ಘಟ್ಟದ ಹಿತಕ್ಕೆ ಒಳ್ಳೆಯದಾಯಿತೇ ಎಂಬುದು ಬೇರೆಯೇ ಚರ್ಚೆ, ಮತ್ತು ತೋಟವೆಂದು ಹೊರಗಿಟ್ಟ ಇಳಿಜಾರೆಲ್ಲ ಸುರಕ್ಷಿತ ಎಂದು ನಾನು ನಂಬುವುದಿಲ್ಲ. ಆದರೆ ನಕ್ಷೆಯನ್ನು ಸರಿಸಿದ್ದು ಊರೂರಿನ ವಿವರ, ಸಗಟು ತಿರಸ್ಕಾರ ಅದನ್ನು ಸರಿಸಲಿಲ್ಲ ಎಂಬುದು ಅಂಕಿಗಳಲ್ಲೇ ಇದೆ.

ಬೇಕಾಗುವ ಸಾಮಗ್ರಿ

ಕರಡು ಅಧಿಸೂಚನೆಯ ಪೂರ್ಣ ಪ್ರತಿ, ಅದು ಆಧರಿಸಿದ ತಜ್ಞರ ವರದಿ, ನಿಮ್ಮ ಗ್ರಾಮದ ಸರ್ವೆ ನಕ್ಷೆ, ಸಂಬಂಧಪಟ್ಟ ಜಮೀನುಗಳ ಪಹಣಿ, ಸ್ಥಳದ ಅಕ್ಷಾಂಶ-ರೇಖಾಂಶ ತೋರಿಸುವ ಮೊಬೈಲ್, ಮತ್ತು ಊರಿನ ನೆಲವನ್ನು ಬಲ್ಲ ಮೂರ್ನಾಲ್ಕು ಜನ. ವಿಜ್ಞಾನದ ಪದವಿ ಅಗತ್ಯವಿಲ್ಲ.

ಹಂತ 1: ಮೂಲ ಕರಡನ್ನೇ ಓದಿ, ದಿನಾಂಕ ಬರೆದಿಟ್ಟುಕೊಳ್ಳಿ

ಪರಿಸರ (ಸಂರಕ್ಷಣೆ) ಕಾಯಿದೆ, 1986ರ ಅಡಿಯಲ್ಲಿ ಇಂತಹ ಕರಡುಗಳು ಭಾರತದ ರಾಜಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಪ್ರಕಟವಾಗುತ್ತವೆ. ಇ-ಗೆಜೆಟ್ ಜಾಲತಾಣದಲ್ಲಿ ಕೇಂದ್ರ ಪರಿಸರ ಸಚಿವಾಲಯದ ಹೆಸರು ಮತ್ತು ದಿನಾಂಕ ಹಾಕಿ ಹುಡುಕಿದರೆ ಉಚಿತವಾಗಿ ಸಿಗುತ್ತದೆ. ಆಕ್ಷೇಪಣೆ ಅಥವಾ ಸಲಹೆ ಸಲ್ಲಿಸಲು ಇರುವ ಅವಧಿ 60 ದಿನ. ರಾಜಪತ್ರದ ಪ್ರತಿಗಳು ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಈ ಎಣಿಕೆ ಆರಂಭವಾಗುತ್ತದೆಯೇ ಹೊರತು ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದಲ್ಲ. ವಿಳಾಸ ಮತ್ತು ಇಮೇಲ್ ಕರಡಿನ ಆರಂಭದಲ್ಲಿಯೇ ಇರುತ್ತವೆ.

ಇಲ್ಲಿ ಬಹಳ ಜನ ಎಡವುವುದು ಕರಡನ್ನು ಓದದೆ, ಕರಡಿನ ಬಗ್ಗೆ ಹಬ್ಬಿದ ಮಾತಿಗೆ ಆಕ್ಷೇಪಣೆ ಬರೆಯುವುದರಲ್ಲಿ. ಪಶ್ಚಿಮ ಘಟ್ಟದ ಕರಡು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಉದ್ಯಮ (ಮಾಲಿನ್ಯದ ಪ್ರಮಾಣದ ಮೇಲೆ ಉದ್ಯಮಗಳನ್ನು ವಿಂಗಡಿಸುವಾಗ ಅತಿ ಹೆಚ್ಚು ಮಾಲಿನ್ಯಕಾರಿ ಎನಿಸಿದವು) ಹಾಗೂ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡ ಯೋಜನೆಗಳು. ಈಗಿರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ ಕರಡು ಅಡ್ಡಿ ಹೇಳುವುದಿಲ್ಲ. "ಅಡಿಕೆ ತೋಟ ಮಾಡುವಂತಿಲ್ಲ, ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ" ಎಂದು ಬರೆದ ಪತ್ರಕ್ಕೆ "ಕರಡಿನಲ್ಲಿ ಅಂಥದ್ದೇನೂ ಇಲ್ಲ" ಎಂಬ ಒಂದೇ ಸಾಲಿನ ಉತ್ತರ ಸಾಕಾಗುತ್ತದೆ, ಮತ್ತು ಅದೇ ಪತ್ರದಲ್ಲಿರುವ ನಿಜವಾದ ದೂರು ಕೂಡ ಅದರೊಂದಿಗೆ ಮೂಲೆಗೆ ಸೇರುತ್ತದೆ. ಒಕ್ಕಲೆಬ್ಬಿಸುವ ಭಯಕ್ಕೆ ಮಲೆನಾಡಿನಲ್ಲಿ ಇತಿಹಾಸವಿದೆ, ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆ ಭಯವನ್ನು ಬರೆಯಬೇಕಿದ್ದರೆ ಕರಡಿನ ಯಾವ ಷರತ್ತು ಮುಂದೆ ಹಾಗೆ ಬಳಕೆಯಾಗಬಹುದು ಎಂದು ಷರತ್ತಿನ ಸಂಖ್ಯೆ ಸಹಿತ ತೋರಿಸಿ ಬರೆಯಿರಿ.

ಹಂತ 2: ಅಳೆದದ್ದು, ಊಹಿಸಿದ್ದು, ಆಯ್ದದ್ದು ಯಾವುದು ಎಂದು ಬೇರ್ಪಡಿಸಿ

ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ಸರ್ಕಾರದ ನೀತಿಗೆ ವಿಜ್ಞಾನ ಆಧಾರವಾಗಿದೆ ಎಂದಾಗ ಅದರೊಳಗೆ ಮೂರು ಬಗೆಯ ಮಾತುಗಳು ಸೇರಿಕೊಂಡಿರುತ್ತವೆ. ಮೊದಲನೆಯದು ಅಳತೆ: ಉಪಗ್ರಹ ಚಿತ್ರ, ಮಳೆ, ಇಳಿಜಾರು, ಸಸ್ಯಗಳ ಎಣಿಕೆ. ಎರಡನೆಯದು ಆ ಅಳತೆಯಿಂದ ಹೊರಟ ಅನುಮಾನ: ಚಿತ್ರದಲ್ಲಿ ಈ ಬಣ್ಣ ಕಂಡರೆ ಅದು ದಟ್ಟ ಕಾಡು ಎಂಬಂತಹ ತೀರ್ಮಾನ. ಮೂರನೆಯದು ಆಯ್ಕೆ: ಎಷ್ಟು ಪ್ರಮಾಣದಲ್ಲಿ ಕಾಡಿದ್ದರೆ ಊರನ್ನು ಸೇರಿಸಬೇಕು ಎಂಬ ನಿರ್ಧಾರ. ಅಳತೆಯನ್ನು ಮರು ಅಳತೆಯಿಂದ, ಅನುಮಾನವನ್ನು ನೆಲದ ಪುರಾವೆಯಿಂದ ಪ್ರಶ್ನಿಸಬೇಕು. ಆಯ್ಕೆಯನ್ನು ಪ್ರಶ್ನಿಸುವ ಹಕ್ಕು ವಿಜ್ಞಾನಿಗೆಷ್ಟೋ ಆ ಊರಿನಲ್ಲಿ ಬದುಕುವವರಿಗೂ ಅಷ್ಟೇ ಇದೆ.

ಒಂದೇ ಘಟ್ಟವನ್ನು ಎರಡು ಸಮಿತಿಗಳು ನೋಡಿದ ರೀತಿಯಲ್ಲಿ ಇದು ಸ್ಪಷ್ಟವಾಗುತ್ತದೆ. ಪ್ರೊ. ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿಯು 2011ರಲ್ಲಿ ಕೊಟ್ಟ ವರದಿಯಲ್ಲಿ ಪಶ್ಚಿಮ ಘಟ್ಟದ ವಿಸ್ತಾರ 1,29,037 ಚದರ ಕಿಲೋಮೀಟರ್. ಕಸ್ತೂರಿರಂಗನ್ ತಂಡದ ಲೆಕ್ಕದಲ್ಲಿ 1,64,280. ಮೊದಲನೆಯವರು ಬೆಟ್ಟದ ಎತ್ತರ ಮತ್ತು ಕಾಡನ್ನು ಆಧರಿಸಿ ಗಡಿ ಎಳೆದರು, ಎರಡನೆಯವರು ಯೋಜನಾ ಆಯೋಗದ ಹಳೆಯ ಘಟ್ಟ ಅಭಿವೃದ್ಧಿ ಕಾರ್ಯಕ್ರಮದ ತಾಲ್ಲೂಕುಗಳನ್ನು ಸೇರಿಸಿಕೊಂಡರು. ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಅಂಕ ಕೊಟ್ಟಿತು ಮತ್ತು ಇಡೀ ಘಟ್ಟವನ್ನು ಮೂರು ಸ್ತರಗಳ ಸೂಕ್ಷ್ಮ ವಲಯವಾಗಿ ಪರಿಗಣಿಸಿತು. ಅಂತಹ ಒಂದು ಚೌಕದಲ್ಲಿ ಮಲೆನಾಡಿನ ಹಲವು ಹಳ್ಳಿಗಳು ಒಟ್ಟಿಗೆ ಸೇರಿಬಿಡುತ್ತವೆ. ಕಸ್ತೂರಿರಂಗನ್ ತಂಡವು 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳನ್ನು ಬಳಸಿ, ಊರು-ತೋಟ-ಗದ್ದೆಗಳ ಸಾಂಸ್ಕೃತಿಕ ಭೂದೃಶ್ಯವನ್ನು ನೈಸರ್ಗಿಕ ಭೂದೃಶ್ಯದಿಂದ ಬೇರ್ಪಡಿಸಿ, ಒಟ್ಟು ಪ್ರದೇಶದ ಸುಮಾರು 37 ಶೇಕಡವನ್ನು ಸೂಕ್ಷ್ಮ ಎಂದು ಕರೆಯಿತು.

24 ಮೀಟರ್ ಸೂಕ್ಷ್ಮತೆ ಎಂದರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 24 ಮೀಟರ್ ಉದ್ದ, 24 ಮೀಟರ್ ಅಗಲದ ತುಂಡು, ನಮ್ಮ ಲೆಕ್ಕದಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ. ಆ ತುಂಡಿನೊಳಗೆ ಏನೇನಿದ್ದರೂ ಚಿತ್ರಕ್ಕೆ ಅದು ಒಂದೇ ಬಣ್ಣ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಾಡುಮರಗಳ ನೆರಳೇ ಮೇಲ್ಛಾವಣಿಯಾಗಿರುವುದರಿಂದ ಮೇಲಿನಿಂದ ನೋಡುವ ಉಪಗ್ರಹಕ್ಕೆ ತೋಟವೂ ಕಾಡಿನಂತೆ ಕಾಣಬಹುದು. ಏಲಕ್ಕಿ ಮಲೆಗಳ ಮಾತೂ ಹಾಗೆಯೇ. ಇದು ಅನುಮಾನದ ಹಂತದ ದೋಷ, ಮತ್ತು ನೆಲದ ಮೇಲೆ ನಿಂತು ಸರಿಪಡಿಸಬಹುದಾದ ದೋಷ. ಇದರ ಇನ್ನೊಂದು ಮಗ್ಗುಲನ್ನು ಮರೆಯಬೇಡಿ: ಕಾಡುಮರಗಳ ನೆರಳಿನ ತೋಟ ಹಕ್ಕಿಗಳಿಗೆ, ನೀರಿನ ಸೆಲೆಗೆ ನಿಜವಾಗಿಯೂ ಆಸರೆ. ಆದ್ದರಿಂದ "ಇದು ತೋಟ" ಎಂದು ಸಾಬೀತಾದ ಮಾತ್ರಕ್ಕೆ "ಇದಕ್ಕೆ ಪರಿಸರದ ಮೌಲ್ಯವಿಲ್ಲ" ಎಂದು ಸಾಬೀತಾಗುವುದಿಲ್ಲ.

ಈಗ ಆಯ್ಕೆಯ ಉದಾಹರಣೆ. ಒಂದು ಗ್ರಾಮದ ವಿಸ್ತೀರ್ಣದಲ್ಲಿ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವನ್ನು ಸೇರಿಸಬೇಕು ಎಂದು ಕಾರ್ಯತಂಡ ತೀರ್ಮಾನಿಸಿತು. 500 ಹೆಕ್ಟೇರಿನ ಗ್ರಾಮದಲ್ಲಿ 100 ಹೆಕ್ಟೇರ್ ದಟ್ಟ ಕಾಡಿದ್ದರೆ ಐನೂರೂ ಒಳಗೆ ಬರುತ್ತದೆ. 95 ಹೆಕ್ಟೇರ್ ಇದ್ದರೆ ಆ ಕಾಡೂ ಹೊರಗುಳಿಯುತ್ತದೆ. ಶೇಕಡ 20 ಎಂಬ ಗೆರೆಯನ್ನು ಪ್ರಕೃತಿ ಎಳೆದಿಲ್ಲ. ಆಡಳಿತಕ್ಕೆ ಗ್ರಾಮವೇ ಅನುಕೂಲದ ಘಟಕ ಎಂಬ ಕಾರಣಕ್ಕೆ ತಜ್ಞರು ಎಳೆದ ಗೆರೆ ಅದು. ಅವರು ತಪ್ಪು ಮಾಡಿದರು ಎಂದು ಇದರ ಅರ್ಥವಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯದೆ ಯಾವ ನೀತಿಯೂ ಆಗದು. ಆದರೆ ಆ ಗೆರೆಯ ಬಗ್ಗೆ ಮಾತಾಡುವಾಗ "ವಿಜ್ಞಾನ ಹೀಗೆ ಹೇಳುತ್ತದೆ" ಎಂದು ಬಾಯಿ ಮುಚ್ಚಿಸುವುದು ಸರಿಯಲ್ಲ, ಅಂತೆಯೇ ಗೆರೆಯನ್ನು ಒಪ್ಪದವರು ಅಳತೆಯನ್ನೇ ಸುಳ್ಳೆನ್ನುವುದೂ ಸರಿಯಲ್ಲ. ವರದಿಯನ್ನು ಓದುವಾಗ ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ: ಈ ವಾಕ್ಯ ಅಳತೆ, ಇದು ಅನುಮಾನ, ಇದು ಆಯ್ಕೆ. ನಿಮ್ಮ ಊರಿನ ಪ್ರಶ್ನೆ ಯಾವುದರ ಮೇಲೆ ನಿಂತಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಹಂತ 3: ಆಧಾರ ದಾಖಲೆಗಳನ್ನು ಕೇಳಿ ಪಡೆಯಿರಿ

ಮಾಹಿತಿ ಹಕ್ಕು ಕಾಯಿದೆ, 2005ರ 4(1)(ಸಿ) ಕಲಮಿನ ಪ್ರಕಾರ, ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಎಲ್ಲ ಸಂಗತ ಸಂಗತಿಗಳನ್ನು ಪ್ರಕಟಿಸುವುದು ಸರ್ಕಾರಿ ಪ್ರಾಧಿಕಾರದ ಕರ್ತವ್ಯ. ಗಾಡ್ಗೀಳ್ ವರದಿಯೇ ಈ ಕಾಯಿದೆಯ ಬಲದಿಂದ ಹೊರಬಂದದ್ದು: 2011ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ವರದಿಯನ್ನು ಸಚಿವಾಲಯ ತಡೆಹಿಡಿದಿತ್ತು, ಕೇಂದ್ರ ಮಾಹಿತಿ ಆಯೋಗ ಬಹಿರಂಗಪಡಿಸಲು ಆದೇಶಿಸಿ, ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದ ಬಳಿಕ 2012ರ ಮೇ ತಿಂಗಳಲ್ಲಿ ಜನರ ಕೈಗೆ ಬಂತು.

ಕೇಂದ್ರ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಅರ್ಜಿ 500 ಪದ ಮೀರಬಾರದು. ರಾಜ್ಯದ ಇಲಾಖೆಗಳಿಗೆ ಹಾಕುವಾಗ ಕರ್ನಾಟಕದ ನಿಯಮದಂತೆ 150 ಪದಗಳ ಮಿತಿ ಇದೆ ಮತ್ತು ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಎರಡು ವಿಷಯ ಸೇರಿಸಿ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ ಕರಡು ಪ್ರಕಟವಾದ ಮೊದಲ ವಾರದಲ್ಲಿಯೇ ಅರ್ಜಿ ಹೋಗಬೇಕು, ಇಲ್ಲವಾದರೆ 60 ದಿನಗಳೊಳಗೆ ಅದು ಉಪಯೋಗಕ್ಕೆ ಬರುವುದಿಲ್ಲ. "ನಮ್ಮ ಊರನ್ನು ಏಕೆ ಸೇರಿಸಿದ್ದೀರಿ" ಎಂದು ಕೇಳಬೇಡಿ, ಏಕೆ ಎಂಬ ಪ್ರಶ್ನೆಗೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ. "ಇಂಥ ಗ್ರಾಮದ ಸೂಕ್ಷ್ಮ ಪ್ರದೇಶದ ಶೇಕಡವಾರು ಲೆಕ್ಕ, ಅದಕ್ಕೆ ಬಳಸಿದ ನಕ್ಷೆ, ಕ್ಷೇತ್ರ ಪರಿಶೀಲನೆ ನಡೆದಿದ್ದರೆ ಅದರ ವರದಿಯ ಪ್ರತಿ ಕೊಡಿ" ಎಂದು ದಾಖಲೆಯನ್ನು ಹೆಸರಿಸಿ ಕೇಳಿ.

ಹಂತ 4: ನೆಲದ ಪುರಾವೆ ಕೂಡಿಸಿ

ಕರಡಿನ ಗ್ರಾಮಪಟ್ಟಿಯಲ್ಲಿರುವ ಹೆಸರು ಕಂದಾಯ ದಾಖಲೆಯಲ್ಲಿರುವ ನಿಮ್ಮ ಗ್ರಾಮದ್ದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಳಿಕ ಸರ್ವೆ ನಕ್ಷೆ ಹಿಡಿದು ಊರನ್ನು ಸುತ್ತಿ, ವಿವಾದದ ಜಾಗ ಪ್ರತಿಯೊಂದರಲ್ಲಿಯೂ ನಿಂತು ಅಕ್ಷಾಂಶ-ರೇಖಾಂಶ ದಾಖಲಾಗುವಂತೆ ನಾಲ್ಕು ದಿಕ್ಕಿನ ಫೋಟೊ ತೆಗೆಯಿರಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೆರವಾಗುತ್ತದೆ. ಜಾಗ ಸೊಪ್ಪಿನ ಬೆಟ್ಟವೋ, ಕಾನೋ, ಬಾಣೆಯೋ, ಹಿಡುವಳಿ ತೋಟವೋ ಎಂಬುದನ್ನು ಪಹಣಿಯೊಂದಿಗೆ ಹೋಲಿಸಿ ಬರೆದಿಡಿ. ಪಹಣಿಯಲ್ಲಿ ಒಂದು, ನೆಲದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಇದ್ದಂತೆಯೇ ಬರೆಯಿರಿ. ಅನುಕೂಲವಾದ ಫೋಟೊ ಮಾತ್ರ ಆರಿಸಿ ಕಳಿಸುವ ಆಸೆ ಸಹಜ. ಆದರೆ ಹತ್ತು ಜಾಗಗಳಲ್ಲಿ ಮೂರು ನಿಜವಾಗಿಯೂ ಕಾಡು ಎಂದು ನೀವೇ ಒಪ್ಪಿಕೊಂಡ ಪತ್ರದಲ್ಲಿ ಉಳಿದ ಏಳರ ಮಾತಿಗೆ ತೂಕ ಬರುತ್ತದೆ.

ಸರ್ಕಾರದ ಬಳಿ ಈಗಾಗಲೇ ಇರುವ ದತ್ತಾಂಶ, ಅಂದರೆ ಅಳೆದು ದಾಖಲಿಸಿದ ಅಂಕಿ-ಅಂಶ, ನಿಮಗೂ ಸಿಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳನ್ನು ಹೊಂದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭೂಕುಸಿತದ ಸಂಭವ ಎಲ್ಲಿ ಹೆಚ್ಚು ಎಂಬುದರ ನಕ್ಷೆ ತಯಾರಿಸಿದೆ. ಜೀವವೈವಿಧ್ಯ ಕಾಯಿದೆ, 2002ರ ಪ್ರಕಾರ ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಜಲಮೂಲಗಳ ಈ ದಾಖಲೆ ಚೆನ್ನಾಗಿ ತಯಾರಾಗಿದ್ದರೆ ನಿಮ್ಮ ಪತ್ರಕ್ಕೆ ಅದಕ್ಕಿಂತ ಗಟ್ಟಿಯಾದ ಅಡಿಪಾಯ ಇನ್ನೊಂದಿಲ್ಲ. ಎಷ್ಟೋ ಕಡೆ ಅದು ಹೆಸರಿಗಷ್ಟೇ ಇದೆ ಎಂಬುದು ನನಗೆ ನೋವಿನ ವಿಷಯ. ನಿಮ್ಮಲ್ಲಿ ಹಾಗಾಗಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಪರಿಷ್ಕರಿಸುವ ನಿರ್ಣಯ ಮಾಡಿಸಿ.

ಹಂತ 5: ಹೊರಗಿನ ಅಧ್ಯಯನಗಳನ್ನು ತೂಗಿ ನೋಡಿ

ಅಧ್ಯಯನವನ್ನು ಉಲ್ಲೇಖಿಸುವ ಮೊದಲು ಅದು ಎಲ್ಲಿ, ಯಾವ ಅವಧಿಯಲ್ಲಿ ನಡೆಯಿತು, ಯಾರ ಹಣದಿಂದ ನಡೆಯಿತು, ಬೇರೆ ತಜ್ಞರು ಪರಿಶೀಲಿಸಿದ ನಿಯತಕಾಲಿಕೆಯಲ್ಲಿ ಪ್ರಕಟವಾಗಿದೆಯೇ ಎಂದು ನೋಡಿ. ಸಹಸಂಬಂಧವನ್ನು ಕಾರಣವೆಂದು ಭಾವಿಸಬೇಡಿ. ಸಹಸಂಬಂಧ ಎಂದರೆ ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಳ್ಳುವುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅತಿ ಮಳೆ, ಕಡಿದಾದ ಇಳಿಜಾರು, ರಸ್ತೆಗೂ ಮನೆಗೂ ಗುಡ್ಡ ಕಡಿದದ್ದು ಎಲ್ಲವೂ ಒಟ್ಟಿಗೆ ಇದ್ದವು. ಅವುಗಳಲ್ಲಿ ಒಂದನ್ನು ಹಿಡಿದು ಅದೇ ಕಾರಣವೆಂದು ಬರೆಯಲು ಪ್ರತ್ಯೇಕ ಅಧ್ಯಯನ ಬೇಕು.

ಇನ್ನೊಂದು ಎಚ್ಚರಿಕೆ: "ಪುರಾವೆ ಪೂರ್ಣವಾಗಿಲ್ಲ, ಆದ್ದರಿಂದ ನಿಯಮ ಬೇಡ" ಎಂಬ ವಾದವನ್ನು ಭಾರತದ ಕಾನೂನು ಒಪ್ಪುವುದಿಲ್ಲ. 1996ರಲ್ಲಿ ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಮಾಲಿನ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನು ದೇಶದ ಕಾನೂನಿನ ಭಾಗವೆಂದು ಘೋಷಿಸಿತು. ಸರಿಪಡಿಸಲಾಗದ ಹಾನಿಯ ಭಯವಿರುವಲ್ಲಿ ವೈಜ್ಞಾನಿಕ ಖಚಿತತೆ ಇಲ್ಲವೆಂಬುದು ಕ್ರಮ ಮುಂದೂಡಲು ನೆಪವಾಗಬಾರದು ಎಂಬುದು ಅದರ ತಿರುಳು. ಹಾನಿ ಆಗುವುದಿಲ್ಲ ಎಂದು ತೋರಿಸುವ ಹೊಣೆ ಯೋಜನೆ ತರುವವರದ್ದು ಎಂದೂ ನ್ಯಾಯಾಲಯ ಹೇಳಿತು.

ಹಂತ 6: ಪತ್ರ ಬರೆಯಿರಿ

ಮೊದಲ ಪುಟದಲ್ಲಿ ಕರಡಿನ ಸಂಖ್ಯೆ, ದಿನಾಂಕ, ನಿಮ್ಮ ಗ್ರಾಮ, ತಾಲ್ಲೂಕು, ಜಿಲ್ಲೆ, ಪಟ್ಟಿಯಲ್ಲಿ ಅದರ ಕ್ರಮಾಂಕ, ಮತ್ತು ನಿಮ್ಮ ಕೋರಿಕೆ ಒಂದೇ ವಾಕ್ಯದಲ್ಲಿ ಇರಲಿ. "ಈ ಅವೈಜ್ಞಾನಿಕ ವರದಿಯನ್ನು ಖಂಡಿಸುತ್ತೇವೆ, ಕೂಡಲೇ ಕೈಬಿಡಬೇಕು" ಎಂಬ ಪತ್ರದಿಂದ ಅಧಿಕಾರಿ ಮಾಡಬಹುದಾದ ಕೆಲಸ ಯಾವುದೂ ಇಲ್ಲ. "ನಮ್ಮ ಗ್ರಾಮದ ಇಂತಿಂಥ ಸರ್ವೆ ನಂಬರುಗಳನ್ನು ನೈಸರ್ಗಿಕ ಭೂದೃಶ್ಯವೆಂದು ಗುರುತಿಸಲಾಗಿದೆ, ಅಲ್ಲಿ ಇಷ್ಟು ವರ್ಷಗಳಿಂದ ಕಾಫಿ ಬೆಳೆಯುತ್ತಿರುವುದಕ್ಕೆ ಪಹಣಿ ಮತ್ತು ಸ್ಥಳದ ಫೋಟೊ ಲಗತ್ತಿಸಿದ್ದೇವೆ, ಇವುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಸೂಕ್ಷ್ಮ ಭಾಗ ಶೇಕಡ 20ಕ್ಕಿಂತ ಕಡಿಮೆಯಾಗುತ್ತದೆ, ಜಂಟಿ ಸ್ಥಳ ಪರಿಶೀಲನೆ ನಡೆಸಿ" ಎಂಬ ಪತ್ರ ಉತ್ತರವನ್ನು ಬೇಡುತ್ತದೆ. ಸೇರ್ಪಡೆ ಕೋರುವವರೂ ಇದೇ ಮಾದರಿಯಲ್ಲಿ ಬರೆಯಲಿ: ಹೊರಗುಳಿದ ಕಾನು ಎಷ್ಟು ವಿಸ್ತಾರದ್ದು, ಯಾವ ಹಳ್ಳ ಅಲ್ಲಿ ಹುಟ್ಟುತ್ತದೆ, ಸಮೀಪದ ಕಲ್ಲುಕ್ವಾರಿ ಎಷ್ಟು ದೂರದಲ್ಲಿದೆ ಎಂದು ಅಳತೆಯೊಂದಿಗೆ.

ನಿಮ್ಮ ತಕರಾರು ಆಯ್ಕೆಯ ಬಗ್ಗೆ ಇದ್ದರೆ ಅದನ್ನು ವಿಜ್ಞಾನದ ವೇಷದಲ್ಲಿ ಬರೆಯಬೇಡಿ. ಇಡೀ ಗ್ರಾಮಕ್ಕೆ ಬದಲಾಗಿ ಸರ್ವೆ ನಂಬರ್ ಮಟ್ಟದಲ್ಲಿ ಗಡಿ ಗುರುತಿಸಬೇಕು, ಇಲ್ಲವೇ ಗ್ರಾಮಸಭೆಯ ಅಭಿಪ್ರಾಯ ಪಡೆಯಬೇಕು ಎಂದು ನೇರವಾಗಿ, ಕಾರಣ ಸಹಿತ ಕೇಳಿ. ಅದು ಗೌರವಯುತವಾದ ಬೇಡಿಕೆ. ಗ್ರಾಮಸಭೆಯ ನಿರ್ಣಯ ಲಗತ್ತಿಸುವುದಾದರೆ ದಿನಾಂಕ, ಹಾಜರಾತಿ, ಸಹಿಗಳು ಸರಿಯಾಗಿರಲಿ. ಬೇರೆಯವರು ಮುದ್ರಿಸಿ ಹಂಚಿದ ಒಂದೇ ಒಕ್ಕಣೆಯ ಪತ್ರಕ್ಕೆ ನೂರಾರು ಜನ ಸಹಿ ಹಾಕಿ ಕಳಿಸಿದರೆ ವಿರೋಧದ ಪ್ರಮಾಣ ತಿಳಿಯುತ್ತದೆ, ಹೊಸ ಪುರಾವೆ ಒಂದೂ ಸೇರುವುದಿಲ್ಲ.

ಪತ್ರ ಕನ್ನಡದಲ್ಲಿರಲಿ, ಜೊತೆಗೆ ಒಂದು ಪುಟದ ಇಂಗ್ಲಿಷ್ ಸಾರಾಂಶವಿರಲಿ. ದೆಹಲಿಯಲ್ಲಿ ಓದುವವರು ಅನುವಾದಕ್ಕೆ ಕಾಯದಂತೆ ಮಾಡುವುದಷ್ಟೇ ಇದರ ಉದ್ದೇಶ. ಕರಡನ್ನು ಕನ್ನಡದಲ್ಲಿ ಒದಗಿಸಿ ಎಂದು ಕೇಳುವುದನ್ನಂತೂ ಬಿಡಬೇಡಿ: 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಲು ದೆಹಲಿ ಹೈಕೋರ್ಟ್ ಸೂಚಿಸಿತ್ತು, ಅದೇ ವರ್ಷ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಕರಡು ಅಂತಿಮಗೊಳ್ಳದಂತೆ ತಾತ್ಕಾಲಿಕವಾಗಿ ತಡೆದಿತ್ತು.

ಹಂತ 7: ಸಲ್ಲಿಸಿ, ಬೆನ್ನುಹತ್ತಿ

ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ ರಾಜ್ಯದ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಇಲಾಖೆಗೂ ಕೊಡಿ, ಏಕೆಂದರೆ ಸಚಿವಾಲಯ ರಾಜ್ಯದ ಅಭಿಪ್ರಾಯ ಕೇಳಿದಾಗ ಊರಿನ ವಿವರ ಹೋಗುವುದು ಇಲ್ಲಿಂದಲೇ. ಅವಧಿ ಮುಗಿದ ಎರಡು ಮೂರು ತಿಂಗಳ ನಂತರ ನಿಮ್ಮ ಪತ್ರದ ಮೇಲೆ ಕೈಗೊಂಡ ಕ್ರಮದ ಕಡತ ಟಿಪ್ಪಣಿಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.

ಕರಡು ನಿಗದಿತ ಅವಧಿಯೊಳಗೆ ಅಂತಿಮವಾಗದಿದ್ದರೆ ಬಿದ್ದುಹೋಗುತ್ತದೆ, ಮತ್ತೊಂದು ಕರಡು ಬರುತ್ತದೆ. ಪಶ್ಚಿಮ ಘಟ್ಟದ ವಿಷಯದಲ್ಲಿ 2014, 2015, 2017, 2018, 2022 ಮತ್ತು 2024ರಲ್ಲಿ ಆರು ಬಾರಿ ಹೀಗೆ ಕರಡು ಬಂದಿದೆ. ಪ್ರತಿ ಕರಡಿಗೂ 60 ದಿನಗಳ ಎಣಿಕೆ ಹೊಸದಾಗಿ ಆರಂಭವಾಗುವುದರಿಂದ ಹಿಂದೆ ಬರೆದಿದ್ದೇವೆ ಎಂದು ಸುಮ್ಮನಿರದೆ, ಗ್ರಾಮದ ಕಡತವನ್ನು ಪಂಚಾಯಿತಿಯಲ್ಲಿಯೂ ಒಂದು ಪ್ರತಿ ಇಟ್ಟು, ಹೊಸ ಕರಡಿನ ಸಂಖ್ಯೆ, ದಿನಾಂಕ ಮತ್ತು ಬದಲಾದ ಷರತ್ತುಗಳಿಗೆ ತಕ್ಕಂತೆ ತಿದ್ದಿ ಮತ್ತೆ ಸಲ್ಲಿಸಿ.